ಉಪ್ಪುನೀರಿನಲ್ಲಿ ನೀಲಿ ದಾಳ

ಅವನು ಒಳಗೆ ಕಾಲಿಟ್ಟ ಕ್ಷಣ ಅವಳ ಎದೆ ಹೊಡೆದುಕೊಂಡ ಸದ್ದಿಗೆ ಮೂರು ಬೀದಿಯ ನಾಯಿಗಳು ಎದ್ದು ಕುಳಿತವು. ನಂಬುವುದಿಲ್ಲವೇ? ಸರಿ, ಎರಡು ಬೀದಿ ಎಂದಿಟ್ಟುಕೊಳ್ಳಿ. ಅದಕ್ಕಿಂತ ಕಡಿಮೆಗೆ ನಾನು ಒಪ್ಪುವುದಿಲ್ಲ.

ಅದು ಕಟ್ಟುಹಲ್ಲು ಮಾಡುವ ಲ್ಯಾಬು. ಮೇಜಿನ ತುಂಬ ಪ್ಲಾಸ್ಟರಿನ ದವಡೆಗಳು. ಗೋಡೆಯ ಗೂಡಿನಲ್ಲಿ ಯಾರ್ಯಾರದೋ ನಗು ಸಾಲಾಗಿ ಒಣಗುತ್ತಿರುತ್ತದೆ. ಆ ಊರಿನ ಅರ್ಧ ಜನ ನಗುವುದು ಅವಳು ಮಾಡಿಕೊಟ್ಟ ಹಲ್ಲಿನಿಂದ. ಉಳಿದರ್ಧ ಜನ ತಮ್ಮ ಹಲ್ಲು ಯಾವಾಗ ಬಿದ್ದೀತು ಎಂದು ಕಾಯುತ್ತಿದ್ದಾರೆ. ಅಂಥ ಕೈ ಅವಳದು!

ಮೂಗಿಗೆ ಮಾಸ್ಕು, ಕಣ್ಣಿಗೆ ದೂಳು ತಡೆಯುವ ದಪ್ಪ ಕನ್ನಡಕ, ತಲೆಗೆ ಟೋಪಿ. ಹೆತ್ತವರು ಎದುರು ನಿಂತರೂ ಗುರುತು ಸಿಗದ ವೇಷ.

ಅವನಿಗೂ ಸಿಗಲಿಲ್ಲ.

ಅವಳಿಗೆ ಮಾತ್ರ ಸಿಕ್ಕಿತು. ಕಿವಿಯ ಪಕ್ಕ ನಾಲ್ಕು ಬಿಳಿ ಕೂದಲು. ಎಡಕ್ಕೆ ವಾಲುವ ಅದೇ ನಡಿಗೆ. ಮಾತಿಗೆ ಮುಂಚೆ ಗಂಟಲು ಸರಿ ಮಾಡಿಕೊಳ್ಳುವ ಅದೇ ಚಟ...

'ಇವನು... ನಮ್ಮ ಪರದೆ! ಹನ್ನೊಂದು ವರ್ಷ ಆದ್ಮೇಲೆ... ಇಲ್ಲಿ?'

"ಮೇಡಂ, ಹಲ್ಲು ಬಿಟ್ಟು ಬೇರೆ ಏನಾದ್ರೂ ಮಾಡಿಕೊಡ್ತೀರಾ?" ಎಂದ ಅವನು.

ಉತ್ತರ ಕೊಟ್ಟವಳು ಪಕ್ಕದ ಯಂತ್ರದ ಮುಂದಿದ್ದ ಪಾಲಿಶ್ ಅಕ್ಕ. ಹಲ್ಲಿಗೆ ಹೊಳಪು ಕೊಡುವುದು ಅವಳ ಕೆಲಸ, ಮಾತಿಗೆ ಹೊಳಪು ಕೊಡುವುದು ಹವ್ಯಾಸ. "ಹಲ್ಲು ಬಿಟ್ಕೊಂಡು ಬಂದವರಿಗೆಲ್ಲ ನಾವು ಹಲ್ಲೇ ಮಾಡಿಕೊಡೋದು ಸಾರ್. ನಿಮಗೇನು, ಕೋರೆ ಬೇಕಿತ್ತಾ?"

ಅವನು ನಗಲಿಲ್ಲ. ಚೀಲದಿಂದ ಒಂದು ತಗಡಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟು ಮುಚ್ಚಳ ತೆರೆದ.

ಹತ್ತಿಯ ಹಾಸು. ಅದರಲ್ಲಿ ಏಳು ಗುಳಿ. ಆರರಲ್ಲಿ ಆರು ನೀಲಿ ದಾಳ. ಏಳನೆಯದು ಖಾಲಿ.

ಅವಳ ಕೈಯಲ್ಲಿದ್ದ ಚಾಕು ಯಾರದೋ ಮುಂಬಲ್ಲಿನ ಮೇಲೆ ಗೀರು ಎಳೆದುಬಿಟ್ಟಿತು.

ಅವು ಅವಳ ದಾಳಗಳು! ಅವಳ ಮೊಟ್ಟಮೊದಲ ದಾಳಗಳು!

ಆ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಒಬ್ಬ ಕಥೆ ಹೇಳುತ್ತಾನೆ, ಉಳಿದವರು ಆ ಕಥೆಯೊಳಗೆ ಒಬ್ಬೊಬ್ಬ ವೀರರಾಗಿ ಬಾಳುತ್ತಾರೆ. ಕತ್ತಿ ಬೀಸಿದರೆ ತಗುಲಿತೇ, ಕಂದಕ ಹಾರಿದರೆ ದಾಟಿದರೇ ಎಂದು ತೀರ್ಮಾನಿಸುವುದು ದಾಳ. ನಾಲ್ಕು ಮುಖದ್ದರಿಂದ ಇಪ್ಪತ್ತು ಮುಖದ್ದರವರೆಗೆ ಒಟ್ಟು ಏಳು. ಎಲ್ಲಕ್ಕೂ ದೊರೆ ಇಪ್ಪತ್ತು ಮುಖದ್ದು. ಅದರಲ್ಲಿ ಇಪ್ಪತ್ತು ಬಿದ್ದರೆ ಬೆಟ್ಟವೂ ಬಗ್ಗುತ್ತದೆ, ಒಂದು ಬಿದ್ದರೆ ಸ್ವಂತ ಕತ್ತಿ ಸ್ವಂತ ಕಾಲಿಗೇ.

ಕಥೆ ಹೇಳುವವನು ರಟ್ಟಿನ ಪರದೆ ನಿಲ್ಲಿಸಿಕೊಂಡು ಅದರ ಹಿಂದೆ ರಾಕ್ಷಸರ ಪರವಾಗಿ ದಾಳ ಉರುಳಿಸುತ್ತಾನೆ. ಅಲ್ಲಿ ಇಣುಕುವುದು ಬೇರೆಯವರ ಕಾಗದ ಒಡೆದು ಓದಿದಷ್ಟೇ ತಪ್ಪು. ಇವನು ಸದಾ ಅದರ ಹಿಂದೆಯೇ ಇರುತ್ತಿದ್ದುದರಿಂದ ಎಲ್ಲರಿಗೂ ಇವನು 'ಪರದೆ'.

ಅವಳು? ಅವಳು 'ಕಿಡಿ'.

ಆ ಹೆಸರು ಇಟ್ಟವಳು ಅತ್ತೆ, ಅಪ್ಪನ ಅಕ್ಕ. ಇವಳು ಹುಟ್ಟಿದ ದಿನವೇ ಅಪ್ಪನ ಬಟ್ಟೆ ಅಂಗಡಿಗೆ ಬೆಂಕಿ ಬಿತ್ತು. "ಮಗು ಅಲ್ಲ ಇದು, ಕಿಡಿ! ಇದರ ಕಾಲ್ಗುಣಕ್ಕೆ ಮುಟ್ಟಿದ್ದೆಲ್ಲ ಬೂದಿ" ಎಂದಳು ಅತ್ತೆ. ಒಂದು ಸಲವಲ್ಲ, ದಿನಕ್ಕೆ ನೂರು ಸಲ. ಹಾಲು ಉಕ್ಕಿದರೂ ಕಿಡಿ, ಬಸ್ಸು ತಪ್ಪಿದರೂ ಕಿಡಿ. ಎದುರುಮನೆಯವರ ಕೊಡೆ ಗಾಳಿಗೆ ಹಾರಿಹೋದರೂ ಕಿಡಿಯೇ!

ಹತ್ತೊಂಬತ್ತನೇ ವಯಸ್ಸಿನಲ್ಲಿ ಅವಳು ಸೈಕಲ್ ಅಂಗಡಿಯ ಮೇಲಿನ ಕೋಣೆಗೆ ಮೊದಲ ಸಲ ಆಟಕ್ಕೆ ಹೋದಾಗ, ನಿನ್ನ ವೀರಳ ಹೆಸರೇನು ಎಂದು ಕೇಳಿದರು. ಹಲ್ಲು ಕಚ್ಚಿ ಹೇಳಿದಳು, "ಕಿಡಿ."

"ಭಲೇ!" ಎಂದಿದ್ದ ಪರದೆ. "ಇಂಥ ಹೆಸರಿಗೆ ರಾಕ್ಷಸರು ಊರು ಬಿಡ್ತಾರೆ."

ಆ ಬೈಗುಳ ಅವತ್ತು ಮೊದಲ ಸಲ ಬಿರುದಾಯಿತು.

ಆ ವಾರವೇ ಅವಳು ದಾಳ ಕೊಂಡಳು. ಪುಸ್ತಕದಂಗಡಿಯ ಕೆಳಗಿನ ಹಲಗೆಯಲ್ಲಿ ದೂಳು ಹಿಡಿದು ಕೂತಿದ್ದ ಕೊನೆಯ ಪೊಟ್ಟಣ. "ಯಾರೂ ಕೇಳದ ಮಾಲು ಕಣಮ್ಮ ಅದು" ಎಂದಿದ್ದ ಅಂಗಡಿಯವನು. ಯಾರೂ ಕೇಳದ್ದು! ಅದಕ್ಕೇ ತಾನೇ ಅವಳು ಕೇಳಿದ್ದು. ಅಂಕಿಗಳನ್ನು ಕೊರೆದಿದ್ದರಷ್ಟೇ, ಬಣ್ಣ ತುಂಬಿರಲಿಲ್ಲ. ಜತೆಗೊಂದು ಬಿಳಿ ಮೇಣದ ಬಳಪ. ನಾವೇ ತಿಕ್ಕಿ ತುಂಬಬೇಕು.

ಅವರಿಬ್ಬರೂ ಒಂದು ಇಡೀ ಮಧ್ಯಾಹ್ನ ಕೂತು ತುಂಬಿದರು. ಅವಳು ಮೇಣ ತಿಕ್ಕುವುದು, ಅವನು ಅಂಗಿಯ ತುದಿಯಿಂದ ಒರೆಸುವುದು. "ಒಂಬತ್ತರ ಕೆಳಗೆ ಗೆರೆ ಮರೀಬೇಡ, ಇಲ್ಲದಿದ್ರೆ ಆರು ಅಂತ ಜಗಳ ಆಗುತ್ತೆ" ಎಂದ ಅವನು. ಇಪ್ಪತ್ತು ಮುಖದ್ದರ ಹನ್ನೆರಡನೆಯ ಅಂಕಿಯ ಹೊತ್ತಿಗೆ ಬೆರಳಿಗೆ ಬೆರಳು ತಾಗಿತು. ಆಮೇಲಿನ ಎಂಟು ಅಂಕಿ ತುಂಬಲು ಎರಡು ಗಂಟೆ ಹಿಡಿಯಿತು. ಏಕೆಂದು ನನ್ನನ್ನು ಕೇಳಬೇಡಿ!

ಈಗ ಆ ಬಳಪದ ಬಿಳುಪು ಆರು ದಾಳಗಳಲ್ಲೂ ಹಳದಿಯಾಗಿತ್ತು.

"ಏಳನೆಯದು ಕಳೆದುಹೋಗಿದೆ" ಎನ್ನುತ್ತಿದ್ದ ಅವನು. "ಇಪ್ಪತ್ತು ಮುಖದ್ದು. ಈ ಜಾತಿ ದಾಳ ಈಗ ಎಲ್ಲೂ ಸಿಗಲ್ಲ. ಹಲ್ಲು ಮಾಡೋರ ಕೈ ಸಣ್ಣ ಕೆಲಸಕ್ಕೆ ಚೆನ್ನಾಗಿ ಪಳಗಿರುತ್ತೆ ಅಂದ್ರು."

ಅವಳು ದನಿ ದಪ್ಪ ಮಾಡಿದಳು. "ಮೂಲ ಇಲ್ಲದೆ ಅಚ್ಚು ಹೇಗೆ ತೆಗೆಯೋದು ಸಾರ್?"

"ಚಿತ್ರ ಬರ್ಕೊಂಡು ಬಂದಿದ್ದೀನಿ."

ಅವನು ನೆಲ ಅಳೆಯುವ ಸರ್ವೆಯರ್. ಆ ಕಾಗದ ನೋಡಿದರೆ ಯಾವುದೋ ರಾಜ್ಯದ ನಕ್ಷೆ ಎನ್ನಬೇಕು. ಇಪ್ಪತ್ತು ತ್ರಿಕೋನ, ಯಾವ ಅಂಕಿಯ ಪಕ್ಕ ಯಾವುದು ಎಂಬುದೆಲ್ಲ ನೆನಪಿನಿಂದ. ಏಳರ ಮೂಲೆಯಲ್ಲಿ ಚೂರು ಮುಕ್ಕಾಗಿದ್ದದ್ದನ್ನೂ ಬರೆದಿದ್ದ!

'ಮುಕ್ಕು ನೆನಪಿದೆ. ಮುಕ್ಕು ಮಾಡಿದವಳ ದನಿ ನೆನಪಿಲ್ಲ.'

"ನೀಲಿ ಸಿಗಲ್ಲ. ನೀಲಿ ಹಲ್ಲು ಯಾರೂ ಹಾಕ್ಕೊಳಲ್ಲ. ವಸಡಿನ ಬಣ್ಣ ಇದೆ, ಹಲ್ಲಿನ ಬಣ್ಣ ಇದೆ."

"ಯಾವುದಾದ್ರೂ ಸರಿ. ಪೂರ್ತಿ ಏಳಿದ್ರೆ ಸಾಕು. ಒಬ್ಬ ಹುಡುಗಿಗೆ ಕೊಡಬೇಕು."

ಪಾಲಿಶ್ ಅಕ್ಕನ ಯಂತ್ರ ತಟ್ಟನೆ ನಿಂತಿತು. ಅವಳ ಕಿವಿ ಆನೆಯ ಕಿವಿಯಷ್ಟು ಅಗಲವಾದದ್ದನ್ನು ನೋಡಿದವರಿದ್ದಾರೆ. "ಓಹೋ! ನಿಶ್ಚಯ ಆಗಿದ್ಯಾ ಸಾರ್?"

ಅವನು ತಲೆ ತಗ್ಗಿಸಿ ನಕ್ಕ. "ನನ್ನ ಕಡೆಯಿಂದ ಆಗಿದೆ ಅಂತಿಟ್ಕೊಳ್ಳಿ."

ಮಾಸ್ಕಿನೊಳಗೆ ಅವಳು ತುಟಿ ಕಚ್ಚಿದಳು. 'ನನ್ನ ದಾಳ... ನನ್ನ ಬೆವರು ಹತ್ತಿದ ದಾಳ... ಇನ್ಯಾವಳಿಗೋ ಉಡುಗೊರೆ!'

"ಗುರುವಾರ ಬನ್ನಿ" ಎಂದಳು.

ಅವನು ಬಾಗಿಲವರೆಗೆ ಹೋಗಿ ತಿರುಗಿದ. "ಮೇಡಂ, ಒಂದೇ ಮಾತು. ಒಳಗೆ ಗುಳ್ಳೆ ಇರಬಾರದು. ಹಳೇದರಲ್ಲಿ ಇತ್ತು."

"ಅದು ಹೇಗೆ ಗೊತ್ತು?"

"ಉಪ್ಪುನೀರಲ್ಲಿ ತೇಲಿಸಿ ನೋಡಿದ್ದೆ, ಒಂದು ಸಲ, ಅವಳಿಗೆ ಗೊತ್ತಾಗದ ಹಾಗೆ. ಹೇಳೋಕೆ ಧೈರ್ಯ ಬರಲಿಲ್ಲ."

ಅಷ್ಟು ಹೇಳಿ ಹೊರಟುಹೋದ.

ಅವಳು ತನ್ನ ಮೇಜಿನ ಕೆಳಗಿನ ಡ್ರಾಯರ್ ಎಳೆದಳು. ಪಿಂಗಾಣಿ ಹಲ್ಲುಗಳ ಪೊಟ್ಟಣದ ಹಿಂದೆ ಕೈ ಹಾಕಿದಳು.

ಕಳೆದುಹೋಗಿದ್ದ ಏಳನೆಯ ದಾಳ ಹನ್ನೊಂದು ವರ್ಷದಿಂದ ಅಲ್ಲೇ ಇತ್ತು.

ಆ ಕೊನೆಯ ಆಟದ ದಿನ... ಕಲ್ಲುರಾಕ್ಷಸಿ ಅವಳನ್ನು ಹೊಸಕಲು ಕೈಯೆತ್ತಿದ್ದಳು. ಪರದೆಯ ಹಿಂದೆ ದಾಳ ಉರುಳಿತು. "ಮೂರು. ಗುರಿ ತಪ್ಪಿತು" ಎಂದ ಅವನು. ಈಗ ಅವಳ ಸರದಿ. ಕೋಣೆಯಲ್ಲಿ ಉಸಿರಾಡುವುದನ್ನೇ ಎಲ್ಲರೂ ಮರೆತರು. ಅವಳು ಉರುಳಿಸಿದಳು.

ಇಪ್ಪತ್ತು!

ಕುಣಿದಳು, ಕಿರುಚಿದಳು. ಕೆಳಗಿನ ಅಂಗಡಿಯಲ್ಲಿ ನಲವತ್ತು ಸೈಕಲ್ ಒಟ್ಟಿಗೆ ಬಿದ್ದವು. ದಾಳವನ್ನು ಮುಷ್ಟಿಯಲ್ಲಿ ಹಿಡಿದು, ಅವನನ್ನು ಅಪ್ಪಿಕೊಳ್ಳಬೇಕು ಎಂಬ ಒಂದೇ ಹುಚ್ಚಿನಲ್ಲಿ ಪರದೆಯ ಹಿಂದಕ್ಕೆ ಓಡಿದಳು.

ಅಲ್ಲಿ ರಾಕ್ಷಸಿಯ ದಾಳ ಬಿದ್ದಿತ್ತು. ಅದರ ಮೇಲೆ ಹತ್ತೊಂಬತ್ತು.

ಮೂರಲ್ಲ. ಹತ್ತೊಂಬತ್ತು.

"ಸುಳ್ಳು ಹೇಳಿದೆಯಾ?"

ಅವನು ಆ ದಾಳವನ್ನು ಮೆಲ್ಲಗೆ ಅಂಗೈಯಿಂದ ಮುಚ್ಚಿದ.

"ಎಷ್ಟು ದಿನದಿಂದ?"



ಉಳಿದ ಆರು ದಾಳ ಎತ್ತಿ ಅವನ ಎದೆಗೆ ಎಸೆದಳು. "ಭಿಕ್ಷೆ ಹಾಕಿದ್ಯಾ ನನಗೆ? ಅತ್ತೆ ಹೇಳಿದ್ದೇ ನಿಜ ಅಂತ ನಿನಗೂ ಅನ್ನಿಸ್ತಾ?" ಮನೆ ಮುಟ್ಟಿದ ಮೇಲೆ ನೋಡಿದರೆ ಏಳನೆಯದು ಬಿಗಿದ ಮುಷ್ಟಿಯಲ್ಲೇ ಇತ್ತು. ಬಿಸಾಕಲು ಹೋದಳು, ಕೈ ಬರಲಿಲ್ಲ. ಅಂದಿನಿಂದ ಅದನ್ನು ಒಮ್ಮೆಯೂ ಉರುಳಿಸಲಿಲ್ಲ.

ಈಗ ಒಂದು ಲೋಟ ಬಿಸಿನೀರಿಗೆ ಉಪ್ಪು ಸುರಿದಳು. ಒಂದು ಚಮಚ, ಎರಡು, ಹತ್ತು.

"ಹಲ್ಲುನೋವೇನೇ?" ಎಂದಳು ಪಾಲಿಶ್ ಅಕ್ಕ. "ಮುಕ್ಕಳಿಸೋಕೆ ಅಷ್ಟೊಂದು ಉಪ್ಪಾ? ಸಮುದ್ರನೇ ತರಿಸಬಹುದಿತ್ತಲ್ಲ!"

ಅವಳು ದಾಳವನ್ನು ನೀರಿಗೆ ಬಿಟ್ಟಳು.

ಅದು ಮುಳುಗಿತು, ಎದ್ದಿತು, ತೇಲಿತು. ನಿಧಾನವಾಗಿ ಹೊರಳಿ ಒಂದು ಮುಖ ಮೇಲೆ ಮಾಡಿ ನಿಂತಿತು.

ಒಂದು.

ಬೆರಳಿನಿಂದ ಒತ್ತಿ ತಿರುಗಿಸಿದಳು. ಮತ್ತೆ ಹೊರಳಿತು. ಒಂದು. ಹತ್ತು ಸಲ ತಿರುಗಿಸಿದಳು. ಹತ್ತು ಸಲವೂ ಒಂದು.

ಹಲ್ಲು ಮಾಡುವವಳಿಗೆ ಗುಳ್ಳೆಯ ವಿದ್ಯೆ ಬೇರೆ ಯಾರು ಹೇಳಿಕೊಡಬೇಕು? ಒಂದರ ಮುಖದ ಕೆಳಗೆ ಗಾಳಿ ಸಿಕ್ಕಿಕೊಂಡಿದೆ. ಆ ಕಡೆ ಹಗುರ, ಎದುರು ಕಡೆ ಭಾರ. ಎದುರು ಮುಖದಲ್ಲಿರುವುದು ಇಪ್ಪತ್ತು. ಈ ದಾಳ ಹುಟ್ಟಿದ್ದೇ ಒಂದನ್ನು ತೋರಿಸಲು, ಇಪ್ಪತ್ತನ್ನು ನೆಲಕ್ಕೆ ಒತ್ತಿಹಿಡಿಯಲು.

'ನಾಲ್ಕು ವರ್ಷ ನಾನು ಸೋಲಿಸೋ ದಾಳದಲ್ಲಿ ಆಡಿದೆನಾ? ಅವನಿಗೆ ಗೊತ್ತಿತ್ತಾ?'

ಹಾಗಾದರೆ... ಆ ಕೊನೆಯ ಇಪ್ಪತ್ತು?

ಅವಳು ಮೇಜಿನ ಅಂಚು ಹಿಡಿದು ಕೂತುಬಿಟ್ಟಳು. ಸಂತೋಷವಾಯಿತು ಎಂದುಕೊಂಡಿರಾ? ಇಲ್ಲ. ಎದೆಯಲ್ಲಿ ಕಹಿ ಉಕ್ಕಿತು, ಏಳು ಊರಿನ ಬೇವು ಅರೆದು ಕುಡಿಸಿದಂಥ ಕಹಿ. ಏಕೆಂದರೆ ಅವಳಿಗೆ ಅಪ್ಪನ ನೆನಪಾಗಿತ್ತು.

*

ಗುರುವಾರ ಮಧ್ಯಾಹ್ನ ಅವನು ಬಂದ.

ಹಳೆಯ ದಾಳದಿಂದಲೇ ಅಚ್ಚು ತೆಗೆದು, ಗುಳ್ಳೆ ಏಳದಂತೆ ಒತ್ತಡದ ಪಾತ್ರೆಯಲ್ಲಿ ಗಟ್ಟಿ ಮಾಡಿಸಿ, ನಾಲ್ಕು ಸಲ ಉಪ್ಪುನೀರಲ್ಲಿ ತೇಲಿಸಿ ಪರೀಕ್ಷಿಸಿದ ಹೊಸ ದಾಳ ತಟ್ಟೆಯಲ್ಲಿತ್ತು. ವಸಡಿನ ಗುಲಾಬಿ ಬಣ್ಣ, ಅಂಕಿಗಳಿಗೆ ಇನ್ನೂ ಬಣ್ಣವಿಲ್ಲ. ಅದರ ಪಕ್ಕ ಹಳೆಯ ನೀಲಿ.

ಅವನು ಬಾಗಿ ನೀಲಿಯದರ ಏಳರ ಮೂಲೆಯ ಮುಕ್ಕು ನೋಡಿದ. "ಇದು... ಇದೆಲ್ಲಿ ಸಿಕ್ತು?"

ಅವಳು ಕನ್ನಡಕ ತೆಗೆದಳು. ಟೋಪಿ ತೆಗೆದಳು. ಕೊನೆಗೆ ಮಾಸ್ಕು.

"ಕಿಡಿ!"

"ಆ ಹೆಸರು ಬೇಡ."

ಪಾಲಿಶ್ ಅಕ್ಕ ಎದ್ದು ನಿಂತಳು. "ನಾನು... ಪ್ಲಾಸ್ಟರ್ ತರ್ತೀನಿ" ಎಂದು, ಮೂಲೆಯಲ್ಲಿದ್ದ ಎರಡು ಮೂಟೆ ಪ್ಲಾಸ್ಟರ್ ದಾಟಿಕೊಂಡು ಹೊರಗೆ ಹೋದಳು.

"ಯಾರು ಆ ಹುಡುಗಿ?" ಕೇಳಿದಳು ಅವಳು.

"ಯಾವ ಹುಡುಗಿ?"

"ನಿನ್ನ ಕಡೆಯಿಂದ ನಿಶ್ಚಯ ಆದವಳು. ನನ್ನ ದಾಳ ಇಸ್ಕೊಳೋಳು."

ಅವನು ಅವಳನ್ನೇ ನೋಡಿದ. "ನಿನ್ನ ದಾಳ ನಿನಗಲ್ಲದೆ ಇನ್ಯಾರಿಗೆ ಕೊಡ್ಲಿ? ಸೈಕಲ್ ಅಂಗಡಿ ಕೆಡವ್ತಿದ್ದಾರೆ. ಮೇಲಿನ ಕೋಣೆಯ ಹಲಗೆಹಲಗೆ ಎಬ್ಬಿಸಿ ಏಳನೆಯದನ್ನ ಹುಡುಕಿದೆ. ಸಿಗಲಿಲ್ಲ. ಆರನ್ನ ಹಿಡ್ಕೊಂಡು ನಿನ್ನ ಮುಂದೆ ಯಾವ ಮುಖ ಇಟ್ಕೊಂಡು ಬರ್ಲಿ? ನಿಮ್ಮ ಅತ್ತೆ ಮನೆಗೂ ಹೋಗಿದ್ದೆ. ಅವಳ ಸುದ್ದಿ ಎತ್ತಬೇಡ ಅಂದು ಬಾಗಿಲು ಹಾಕಿದ್ರು."

ಅವಳ ಕಣ್ಣು ಉರಿಯಿತು. ಕರಗಬಾರದು ಎಂದು ನಿರ್ಧರಿಸಿದ್ದಳು.

"ಎಷ್ಟು ಸಲ ಸುಳ್ಳು ಹೇಳಿದೆ? ಸರಿಯಾಗಿ ಹೇಳು."

"ಹದಿನೇಳು ಸಲ."

"ಎಲ್ಲಾ ನನಗೇನಾ?"

"ಎಲ್ಲಾ ನಿನಗೇ. ಮೊದಲ ವರ್ಷನೇ ಅನುಮಾನ ಬಂತು. ನಿನಗೆ ಬೀಳ್ತಿದ್ದಷ್ಟು ಒಂದು ಯಾರಿಗೂ ಬೀಳ್ತಿರಲಿಲ್ಲ. ನೀನು ಮರೆತು ಬಿಟ್ಟುಹೋಗಿದ್ದ ದಿನ ನೀರಿಗೆ ಹಾಕಿ ನೋಡ್ದೆ. ಏನಂತ ಹೇಳ್ಲಿ ಕಿಡಿ? ಯಾರೂ ಕೇಳದ ದಾಳನ ನೀನು ಹುಡುಕಿ ತಂದಿದ್ದೆ, ಎದೆಗೊತ್ಕೊಂಡು ಓಡಾಡ್ತಿದ್ದೆ. ನಿನ್ನ ದಾಳವೂ ದರಿದ್ರದ್ದು ಅಂತ ನಾನೇ ಹೇಳಬೇಕಿತ್ತಾ? ಅದಕ್ಕೇ... ಆ ಕಡೆ ತೂಕ ಕಮ್ಮಿಯಾದಾಗ ಈ ಕಡೆಯಿಂದ ಸ್ವಲ್ಪ ಹಾಕಿದೆ."

"ಕೊನೆಯ ಇಪ್ಪತ್ತು?"

"ಅದು ನಿನ್ನದು! ಎಲ್ಲರ ಕಣ್ಣೆದುರು ನೀನೇ ಉರುಳಿಸಿದ್ದು. ನಾಲ್ಕು ವರ್ಷದಲ್ಲಿ ಆ ದಾಳ ತೋರಿಸಿದ್ದು ಅದೊಂದೇ ಇಪ್ಪತ್ತು."

"ನೀನು ಅದಕ್ಕೆ ಮುಂಚೆ ಮೂರು ಅನ್ನದಿದ್ರೆ, ಉರುಳಿಸೋಕೆ ನಾನು ಬದುಕಿರ್ತಾನೇ ಇರಲಿಲ್ಲ."

"ಹೌದು. ಅದೂ ನಿಜ."

ಹೊರಗೆ ಯಾರೋ ಬಾಗಿಲು ತಟ್ಟಿ, ಪಾಲಿಶ್ ಅಕ್ಕನ ಗದರಿಕೆಗೆ ಹೆದರಿ ಹೋದರು.

ಅವಳು ಹಳೆಯ ದಾಳವನ್ನು ಅಂಗೈಯಲ್ಲಿಟ್ಟುಕೊಂಡಳು. ದನಿ ತಗ್ಗಿತು.

"ಆಟ ಬಿಟ್ಟ ಆರನೇ ತಿಂಗಳು ಅಪ್ಪನಿಗೆ ಆಪರೇಷನ್ ಆಯ್ತು. ಅತ್ತೆ ಹೇಳಿದ್ಲು, ನೀನು ಆಸ್ಪತ್ರೆಗೆ ಬರಬೇಡ, ನಿನ್ನ ಕಾಲ್ಗುಣ ಗೊತ್ತಲ್ಲ ಅಂತ. ಅದಕ್ಕೆ ಮುಂಚೆ ಆಗಿದ್ರೆ ಅವಳನ್ನ ದಬ್ಬಿ ಹೋಗ್ತಿದ್ದೆ. ಕಲ್ಲುರಾಕ್ಷಸಿನ ಬೀಳಿಸಿದವಳು ನಾನು! ಆದ್ರೆ ಅಷ್ಟೊತ್ತಿಗೆ ಅದೆಲ್ಲ ನೀನು ಕೊಟ್ಟ ಭಿಕ್ಷೆ ಅಂತ ಗೊತ್ತಾಗಿತ್ತಲ್ಲ. ನನ್ನದು ಅಂತ ಒಂದೇ ಒಂದು ಗೆಲುವೂ ಇರಲಿಲ್ಲ. ಹೋಗ್ಲಿಲ್ಲ. ಮನೆ ಮೆಟ್ಟಿಲ ಮೇಲೆ ಕೂತಿದ್ದೆ. ಅಪ್ಪ ಮೂರು ಸಲ ಕೇಳಿದ್ರಂತೆ, ಮಗಳು ಬಂದ್ಲಾ ಅಂತ. ಅವರು ಮನೆಗೆ ವಾಪಸ್ ಬರಲೇ ಇಲ್ಲ."

 

ಇಲ್ಲಿ ಉತ್ಪ್ರೇಕ್ಷೆ ಮಾಡಲು ನನಗೂ ನಾಲಿಗೆ ಬರುವುದಿಲ್ಲ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಅಷ್ಟೇ.

"ಆ ಒಂದು ಇಪ್ಪತ್ತು ನಿಜ ಅಂತ ಯಾರಾದ್ರೂ ಹೇಳಿದ್ದಿದ್ರೆ ನಾನು ಹೋಗ್ತಿದ್ದೆ" ಎಂದಳು. "ಅತ್ತೆ ನನಗೆ ಅದೃಷ್ಟ ಇಲ್ಲ ಅಂತ ತೀರ್ಮಾನ ಮಾಡಿದ್ಲು. ನೀನೂ ಮಾಡಿದೆ. ಏನು ವ್ಯತ್ಯಾಸ? ಅವಳು ಮುಖಕ್ಕೆ ಹೇಳಿದ್ಲು. ನೀನು ರಟ್ಟಿನ ಹಿಂದೆ ಕೂತು ಮಾಡಿದೆ."



"ವ್ಯತ್ಯಾಸ ಇಲ್ಲ. ಪ್ರೀತಿ ಅಂದ್ಕೊಂಡಿದ್ದೆ. ನಿನ್ನನ್ನ ಕೇಳದೆ ಮಾಡಿದ್ದು ಪ್ರೀತಿ ಹೇಗಾಗುತ್ತೆ? ನೀನು ಎಸೆದು ಹೋದ ದಿನವೇ ಹಿಂದೆ ಓಡಿಬಂದು ಹೇಳಬೇಕಿತ್ತು. ಹೆದರಿದೆ. ಹನ್ನೊಂದು ವರ್ಷ ಹೆದರಿದೆ. ಇದಕ್ಕೆ ಕ್ಷಮೆ ಕೇಳೋ ಯೋಗ್ಯತೆನೂ ನನಗಿಲ್ಲ."

ತಗಡಿನ ಡಬ್ಬಿಯನ್ನು ಅವಳ ಕಡೆ ಸರಿಸಿದ. ಚೀಲ ಹೆಗಲಿಗೇರಿಸಿ ಬಾಗಿಲ ಕಡೆ ತಿರುಗಿದ.

'ಹೋಗ್ಲಿ' ಎಂದಿತು ಅವಳ ಮನಸ್ಸು. 'ಹೋಗ್ಲಿ, ಹೋಗ್ಲಿ, ಹೋ...'

"ಬಳಪ ಇದ್ಯಾ?"

ಅವನು ನಿಂತ.

"ಅಂಕಿ ಕಾಣಲ್ಲ ಈ ಹೊಸದರಲ್ಲಿ. ಆ ಬಿಳಿ ಬಳಪ. ಇದ್ಯಾ, ಅದನ್ನೂ ಕಳೆದ್ಯಾ?"

ಅವನು ಅಂಗಿಯ ಜೇಬಿನಿಂದ ಉಗುರಿನಷ್ಟಾಗಿದ್ದ ಮೇಣದ ತುಂಡು ತೆಗೆದ.

ಪ್ಲಾಸ್ಟರಿನ ದವಡೆಗಳನ್ನು ಪಕ್ಕಕ್ಕೆ ಸರಿಸಿ ಇಬ್ಬರೂ ಕೂತರು. ಅವಳು ತಿಕ್ಕಿದಳು, ಅವನು ಒರೆಸಿದ. ಒಂಬತ್ತರ ಕೆಳಗೆ ಗೆರೆ. ಹನ್ನೆರಡು ಬಂತು, ಬೆರಳು ತಾಗಲಿಲ್ಲ. ಅವನು ಎಚ್ಚರಿಕೆಯಿಂದ ಹಿಂದೆ ಎಳೆದುಕೊಂಡ. ಅದು ಅವಳಿಗೆ ಚುಚ್ಚಿತು... ಮತ್ತು ಎಲ್ಲೋ ಒಂದು ಕಡೆ ಇಷ್ಟವೂ ಆಯಿತು.

ತುಂಬಿ ಮುಗಿದಾಗ ಗುಲಾಬಿ ದಾಳವನ್ನು ಅವನ ಮುಂದಿಟ್ಟಳು.

"ಉರುಳಿಸು. ಹತ್ತಕ್ಕಿಂತ ಮೇಲೆ ಬಿದ್ರೆ ನೀನು ಮತ್ತೆ ಬರಬಹುದು. ಕೆಳಗೆ ಬಿದ್ರೆ ಇದೇ ಕೊನೆ."

"ಕಿಡಿ..."

"ಉರುಳಿಸು."

ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಬೇಕೆಂದೇ.

ದಾಳ ಮೇಜಿನ ಮೇಲೆ ಟಕಟಕ ಎಂದಿತು. ಒಂದು ದವಡೆಗೆ ತಾಗಿತು. ನಿಂತಿತು. ಆ ಮೌನದಲ್ಲಿ ಒಂದು ಸಾಮ್ರಾಜ್ಯ ಹುಟ್ಟಿ, ಬೆಳೆದು, ಬಿದ್ದುಹೋಯಿತು. ಆಮೇಲೆ ಅವನ ಗಂಟಲು ಸರಿಯಾದ ಸದ್ದು.

"ಮೂರು" ಎಂದ.

ಅವಳು ತಿರುಗಿ ನೋಡಿದಳು. ಮೂರೇ.

ಅವನು ಮೆಲ್ಲಗೆ ಎದ್ದ. "ಬರ್ತೀನಿ. ಅಲ್ಲ... ಹೋಗ್ತೀನಿ."

"ಸುಳ್ಳು ಹೇಳಬಹುದಿತ್ತಲ್ಲ. ನಾನು ನೋಡ್ತಿರಲಿಲ್ಲ."

"ಹೇಳಬಹುದಿತ್ತು."

"ಕೂತ್ಕೋ."

"ಮೂರು ಬಿದ್ದಿದೆ, ಕಿಡಿ."

"ದಾಳ ಹೇಳಿದ್ದು ದಾಳದ ಮಾತು. ಅತ್ತೆ ಹೇಳಿದ್ದು ಅತ್ತೆ ಮಾತು. ನನ್ನ ಮಾತು ಇಲ್ಲೀತನಕ ಯಾರೂ ಕೇಳಿಲ್ಲ."

ಅವನು ಕೂತ.  

"ಕೇಳ್ತಿದ್ದೀನಿ" ಎಂದ. "ಹೇಳು."

"ಕೋಪ ಹೋಗಿಲ್ಲ. ಹೋಗೋದೂ ಇಲ್ಲವೇನೋ. ಅಪ್ಪನ ವಿಷಯ ನೆನಪಾದಾಗಲೆಲ್ಲ ನಿನ್ನ ಮುಖ ನೋಡೋಕಾಗಲ್ಲ ನನಗೆ."

"ಆಗ ಎದ್ದು ಹೊರಗೆ ನಿಲ್ತೀನಿ."

"ಎಷ್ಟೊತ್ತು?"

"ನೀನು ಕರೆಯೋ ತನಕ."

ಅವಳು ಹಳೆಯ ನೀಲಿ ದಾಳವನ್ನು ಡಬ್ಬಿಯ ಏಳನೆಯ ಗುಳಿಯಲ್ಲಿಟ್ಟು ಮುಚ್ಚಳ ಹಾಕಿದಳು. ಗುಲಾಬಿಯದನ್ನು ಅವನ ಅಂಗೈಗೆ ಹಾಕಿ, ಬೆರಳುಗಳನ್ನು ತಾನೇ ಒಂದೊಂದಾಗಿ ಮಡಿಸಿದಳು.

"ನಾಳೆ ಬಾ" ಎಂದಳು. "ಪರದೆ ತರಬೇಡ."